ಮಂಗನ ಕಡತದೊಳಗಿನ ಅಳಿಲು

1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಬೆನ್ನಲ್ಲೇ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿ ಬಂದವರು ಜ್ವರ, ತಲೆನೋವು, ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಆ ವರ್ಷ 466 ಜನ, ಮರುವರ್ಷ 181 ಜನ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಓಡಿಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದುದರಿಂದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೆಂಬ ಭಯ ಮೊದಲು ಮೂಡಿತ್ತು. ಸಿಕ್ಕಿದ್ದು ಬೇರೆಯದೇ ವೈರಸ್. ಉಣ್ಣಿ ಕಚ್ಚಿ ಹರಡುವ, ರಷ್ಯದ ವಸಂತ-ಬೇಸಿಗೆ ಮೆದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದಿತು, ಮಲೆನಾಡು ಮಂಗನ ಕಾಯಿಲೆ ಎಂದಿತು.

ಇದು ಕನ್ನಡಿಗರಿಗೆ ಗೊತ್ತಿರುವ ಕಥೆ. ನಾನು ಈ ಕಥೆಯ ಹಳೆಯ ಕಾಗದಪತ್ರಗಳಲ್ಲಿ ಹುಡುಕಹೊರಟದ್ದು ಅಳಿಲನ್ನು.

ನಾನಿರುವುದು ಮಲೆನಾಡಿನಿಂದ ಬಲು ದೂರ, ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ. ಇಲ್ಲಿಂದ ನಿಲಂಗಾ, ಉದಗೀರದವರೆಗೆ ಕರಿ ಮಣ್ಣಿನ ಬಯಲು. ತೊಗರಿ, ಸೋಯಾಬೀನ್, ಜೋಳ. ಕಾಡೆನ್ನುವುದು ಅತ್ಯಲ್ಪ. ಅಳಿಲುಗಳಿರುವುದು ಹೊಲದ ಬದುವಿನ ಬೇವಿನಲ್ಲಿ, ಊರ ಅಂಚಿನ ಹುಣಸೆಯಲ್ಲಿ, ಹಳೆಯ ವಾಡೆಗಳ ಗೋಡೆಬಿರುಕಿನಲ್ಲಿ. ಕೆಲವು ವರ್ಷಗಳಿಂದ ಈ ಗಡಿಸೀಮೆಯ ಸಣ್ಣ ಪ್ರಾಣಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಹಳೆಯ ದಾಖಲೆ ಬೇಕಾದರೆ ಇಲ್ಲಿಯವರು ಮೂರು ದಿಕ್ಕಿಗೆ ಮುಖ ಮಾಡಬೇಕಾಗುತ್ತದೆ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ ಮೈಸೂರಿಗೆ ಬಂತು, ಈ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಉಸ್ಮಾನಾಬಾದ್ ಜಿಲ್ಲೆಗೆ ಹೋದವು. ಲಾತೂರು ಬೇರೆ ಜಿಲ್ಲೆಯಾದದ್ದು 1982ರಲ್ಲಿ. ಹಾಗಾಗಿ ಒಂದೇ ಊರಿನ ಕಾಗದ ಹೈದರಾಬಾದಿನಲ್ಲೂ ಇರಬಹುದು, ಮುಂಬೈಯಲ್ಲೂ ಇರಬಹುದು, ಬೆಂಗಳೂರಿನಲ್ಲೂ ಇರಬಹುದು.

ವೈರಸ್ಸಿನ ಪ್ರಶ್ನೆ ನನ್ನ ಟಿಪ್ಪಣಿ ಪುಸ್ತಕಕ್ಕೆ ಬಂದದ್ದು ನಿಲಂಗಾ ಕಡೆಯ ಒಬ್ಬ ಹಿರಿಯ ರೈತರಿಂದ. ಟಿವಿಯಲ್ಲಿ ಯಾವುದೋ ದೇಶದ ಅಳಿಲಿನ ರೋಗದ ಸುದ್ದಿ ನೋಡಿದ್ದರು.

“ಸರ, ನಮ್ಮ ಹುಣಸಿಗಿಡದಾಗ ಅಳಿಲು ಭಾಳ ಅದಾವ. ಹುಡುಗರು ಅಲ್ಲೇ ಆಡ್ತಾರ. ಗಿಡಾನೇ ಕಡಸಿಬಿಡ್ಲೇನ್ರಿ?”

“ಬ್ಯಾಡ್ರಿ ಕಾಕಾ. ಆ ರೋಗ ಈ ಅಳಿಲಿಂದಲ್ಲ. ನೋಡಿ ಹೇಳ್ತೀನಿ, ಅಲ್ಲೀತನಕ ಕೊಡ್ಲಿ ಹಚ್ಚಬ್ಯಾಡ್ರಿ.”

ನೋಡಿ ಹೇಳುತ್ತೇನೆ ಎಂದ ಮೇಲೆ ನೋಡಲೇಬೇಕಲ್ಲ. ನಮ್ಮ ದೇಶದ ವೈರಸ್ ಸಾಹಿತ್ಯದಲ್ಲಿ ಕಾಡಿನ ಅಳಿಲು ಎಲ್ಲಿ ಬರುತ್ತದೆ, ಯಾವ ಪಾತ್ರದಲ್ಲಿ ಬರುತ್ತದೆ ಎಂದು ಹುಡುಕುತ್ತ ಹೋದರೆ ದಾರಿ ಮತ್ತೆ ಮತ್ತೆ ಸಾಗರ, ಸೊರಬಕ್ಕೇ ಮುಟ್ಟಿತು.

ಪುಣೆಯ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ ಕಟ್ಟಿದ್ದವು. 1978ರಿಂದ ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೆಸರು. ಕ್ಯಾಸನೂರಿಗೆ ಮೊದಲೇ ಅಲ್ಲಿ ಒಂದು ಕೆಲಸ ನಡೆದಿತ್ತು. ಸ್ಮಿತ್‌ಬರ್ನ್, ಕೆರ್, ಗಟ್ನೆ ಎಂಬ ಮೂವರು ದೇಶದ ನಾನಾ ಕಡೆಯ ಜನರ ರಕ್ತಸಾರ ಪರೀಕ್ಷಿಸಿ 1954ರಲ್ಲಿ ವರದಿ ಪ್ರಕಟಿಸಿದ್ದರು. ಕಛ್, ಸೌರಾಷ್ಟ್ರದ ಕೆಲವರ ರಕ್ತದಲ್ಲಿ ಆ ರಷ್ಯದ ಮೆದುಳುಜ್ವರದ ವೈರಸ್ಸಿಗೆ ಪ್ರತಿಕಾಯಗಳು ಕಂಡಿದ್ದವು. ಕಾಯಿಲೆಗೆ ಹೆಸರಿಡುವ ಮೂರು ವರ್ಷ ಮೊದಲೇ ಅಂಥದೊಂದು ವೈರಸ್ಸಿನ ಸುಳಿವು ಕಾಗದದ ಮೇಲಿತ್ತು. ಹಳೆಯ ವರದಿಗಳನ್ನು ನಾನು ಅಷ್ಟು ಗೌರವದಿಂದ ಓದುವುದು ಇದಕ್ಕೇ.

ವೈರಸ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮೊದಲು ಎಲ್ಲರೂ ಆಕಾಶ ನೋಡಿದರು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣ್ಣಿ ಹೊತ್ತು ತಂದಿರಬಹುದೆ? ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ದೊಡ್ಡ ಕೆಲಸಕ್ಕೆ ಇಳಿದಾಗ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿದ್ದರ ಹಿಂದೆ ಈ ಅನುಮಾನವೂ ಇತ್ತು. ಸಾಗರದಲ್ಲಿ ಠಾಣೆ ಹೂಡಿದ್ದ ಹೋರ್ಹೆ ಬೊಷೆಲ್ ನೆಲ ನೋಡಿದರು. ಕೊಲಂಬಿಯದ ಈ ವೈದ್ಯ ಮಧ್ಯ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರದ ಜಾಡು ಹಿಡಿದು ಪಳಗಿದವರು. ಕಾಡು ಕಡಿದು ಗದ್ದೆ, ತೋಟ ಮಾಡಿಕೊಂಡಂತೆ ದನಗಳು ಹೆಚ್ಚಿ ಕಾಡೊಳಗೆ ಮೇಯಲು ಹೋದವು, ದನದ ರಕ್ತದಲ್ಲಿ ಉಣ್ಣಿಗಳು ಬೆಳೆದು ಮಿತಿಮೀರಿ ಹೆಚ್ಚಿದವು, ಒಳಗೆಲ್ಲೋ ಸದ್ದಿಲ್ಲದೆ ಇದ್ದ ವೈರಸ್ ಆ ಉಣ್ಣಿಗಳ ಮೇಲೇರಿ ಹೊರಬಂತು ಎಂಬುದು ಅವರ ವಾದ. 1969ರಲ್ಲಿ ಅವರು ಬರೆದ ಪ್ರಬಂಧವನ್ನು ಇಂದಿಗೂ ಜನ ಓದುತ್ತಾರೆ.

ಒಳಗೆಲ್ಲೋ ಎಂದರೆ ಎಲ್ಲಿ? ಅಳಿಲು ಕಥೆಯೊಳಗೆ ಬರುವುದು ಇಲ್ಲಿಂದ.

ಈ ವೈರಸ್ಸಿನ ಮುಖ್ಯ ವಾಹನ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿ. ಅದು ಬದುಕಿನಲ್ಲಿ ಮೂರು ಬಾರಿ ರಕ್ತ ಕುಡಿಯುತ್ತದೆ, ಪ್ರತಿ ಬಾರಿಯೂ ಬೇರೆ ಪ್ರಾಣಿಯಿಂದ. ಮೊಟ್ಟೆಯೊಡೆದು ಬಂದ ಮರಿ ನೆಲಮಟ್ಟದ ಸಣ್ಣ ಪ್ರಾಣಿ, ಹಕ್ಕಿಗಳನ್ನು ಹಿಡಿಯುತ್ತದೆ. ಕುಡಿದು ಉದುರಿ, ಪೊರೆ ಕಳಚಿ ಮುಂದಿನ ಹಂತಕ್ಕೆ ಬರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಎಳೆ ಉಣ್ಣಿಯೇ ಡಿಸೆಂಬರಿನಿಂದ ಮೇವರೆಗೆ ಮಂಗನಿಗೂ ಮನುಷ್ಯನಿಗೂ ಹತ್ತುವುದು. ದೊಡ್ಡದಾದ ಮೇಲೆ ದನ, ಜಿಂಕೆಯಂಥ ದೊಡ್ಡ ಪ್ರಾಣಿ ಬೇಕು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಅಲ್ಲೇ ಸುತ್ತ ಉದುರುವುದರಿಂದ ಹೆಣ ಬಿದ್ದ ಜಾಗ ತಿಂಗಳುಗಟ್ಟಲೆ ಅಪಾಯದ ತಾಣವಾಗಿಬಿಡುತ್ತದೆ. ಹಾಗಾಗಿಯೇ ಆರೋಗ್ಯ ಇಲಾಖೆ ಮಂಗನ ಸಾವಿನ ಸುದ್ದಿಗೆ ಅಷ್ಟು ಕಿವಿಗೊಡುತ್ತದೆ. ಉಣ್ಣಿ ಹಿಡಿಯುವ ಕ್ರಮ ಅಂದಿಗೂ ಇಂದಿಗೂ ಹೆಚ್ಚುಕಡಿಮೆ ಅದೇ. ಒಂದು ಬಿಳಿಯ ಫ್ಲಾನೆಲ್ ಬಟ್ಟೆಯನ್ನು ತರಗೆಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರೆ. ಆಗಾಗ ನಿಂತು ಬಟ್ಟೆ ಮಗುಚಿ ನೋಡುತ್ತಾರೆ. ಚಲಿಸುವ ಚುಕ್ಕೆಗಳು ಕಂಡರೆ ಚಿಮುಟದಿಂದ ಒಂದೊಂದಾಗಿ ಎತ್ತಿ ಸೀಸೆಗೆ ಹಾಕಿ, ಜಾಗ, ದಿನ ಬರೆದು ಮುಚ್ಚುತ್ತಾರೆ. ನೂರಾರು ವೈಜ್ಞಾನಿಕ ಪ್ರಬಂಧಗಳ ತಳದಲ್ಲಿರುವುದು ಈ ಬಗ್ಗಿದ ಬೆನ್ನು ಮತ್ತು ಈ ಸೀಸೆ.

ನೆಲದ ಸಣ್ಣ ಪ್ರಾಣಿಗಳನ್ನು ಬೋನಿಟ್ಟು ಹಿಡಿದವರು ಪಿ.ಕೆ. ರಾಜಗೋಪಾಲನ್, ಎಂ.ಕೆ. ಗೋವರ್ಧನ್ ಮತ್ತು ಸಂಗಡಿಗರು. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ ಅರುವತ್ತು, ಎಪ್ಪತ್ತರ ದಶಕದ ಸಂಪುಟಗಳಲ್ಲಿ ಅವರ ಬರಹಗಳು ಸಾಲಾಗಿ ಸಿಗುತ್ತವೆ. ಆ ಪಟ್ಟಿಗಳಲ್ಲಿ ಪದೇಪದೇ ಬರುವ ಹೆಸರುಗಳು ಕೆಲವೇ: ರಾಟಸ್ ರಾಟಸ್ ರಾಟನೈ ಎಂಬ ಕಾಡಿಲಿ, ಬ್ಲಾನ್‌ಫರ್ಡನ ಬಿಳಿಬಾಲದ ಇಲಿ, ಸುಂಡಿಲಿ, ಜೊತೆಗೆ ಫುನಾಂಬುಲಸ್ ಟ್ರೈಸ್ಟ್ರಿಯೇಟಸ್, ಅಂದರೆ ಪಶ್ಚಿಮ ಘಟ್ಟದಲ್ಲಷ್ಟೇ ಇರುವ, ಬೆನ್ನ ಮೇಲೆ ಮೂರು ಪಟ್ಟೆಯ ಕಾಡಳಿಲು. 1968ರಲ್ಲಿ ಬೊಷೆಲ್, ಗೋವರ್ಧನ್, ರಾಜಗೋಪಾಲನ್ ಕಾಡಿನ ದಂಶಕಗಳಿಗೂ ಸುಂಡಿಲಿಗಳಿಗೂ ವೈರಸ್ ತಗಲುವ ಬಗೆ ಕುರಿತು ಮೊದಲ ಪರೀಕ್ಷೆಗಳ ವರದಿ ಬರೆದರು. 1981ರಲ್ಲಿ ಗೋವರ್ಧನ್ ಮತ್ತು ಆಂಡರ್ಸನ್ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಕಾಡಳಿಲಿನ ಹೆಸರು ಮೊದಲು ಬರುತ್ತದೆ. ಅಳಿಲೂ ಇಲಿಯಂತೆ ಈ ವೈರಸ್ಸಿಗೆ ಆಶ್ರಯ ಕೊಡಬಲ್ಲದು ಎಂಬಲ್ಲಿಗೆ ಈ ಓದು ತಂದು ನಿಲ್ಲಿಸುತ್ತದೆ. ಇಲಿ ರಾತ್ರಿಯ ಜೀವಿ, ಅಳಿಲು ಹಗಲಿನದು. ಅದೇ ತರಗೆಲೆಯ ಹಾಸಿನ ಮೇಲೆ ಹಗಲೂ ರಾತ್ರಿ ಎಳೆ ಉಣ್ಣಿಗೆ ಊಟ ಸಿಗುತ್ತದೆಂದರೆ, ಈ ಸರಪಳಿ ಏಕೆ ಕಡಿಯುವುದಿಲ್ಲವೆಂದು ಊಹಿಸಬಹುದು.

ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಈ ವೈರಸ್ ಸಿಕ್ಕ ಉಣ್ಣಿಗಳಲ್ಲಿ ಇಕ್ಸೋಡಿಸ್ ಪೆಟಾರಿಸ್ಟೆ ಎಂಬುದೊಂದಿದೆ. 1933ರಲ್ಲಿ ವಾರ್ಬರ್ಟನ್ ಎಂಬ ತಜ್ಞ ಅದಕ್ಕೆ ಆ ಹೆಸರಿಟ್ಟ. ಪೆಟಾರಿಸ್ಟ ಎಂದರೆ ದೈತ್ಯ ಹಾರುಅಳಿಲು, ಮಲೆನಾಡಿನವರು ಹಾರುಬೆಕ್ಕು ಎನ್ನುವ ಪ್ರಾಣಿ. ಸಿಂಗ್, ಗೋವರ್ಧನ್ ಮೊದಲಾದವರು ಈ ಉಣ್ಣಿಯ ಮೂಲಕ ವೈರಸ್ ದಾಟುವುದನ್ನು ಬರೆದರು. ನೆಲದ ಮೇಲೆ ಇಲಿ, ಕೆಳಕೊಂಬೆಯಲ್ಲಿ ಪಟ್ಟೆಯಳಿಲು, ಮರದ ನೆತ್ತಿಯಲ್ಲಿ ಹಾರುಬೆಕ್ಕು. ಕಾಡಿನ ಪ್ರತಿ ಅಂತಸ್ತಿನಲ್ಲೂ ಉಣ್ಣಿಗೆ ಒಬ್ಬ ಆತಿಥೇಯ ಇದ್ದಾನೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಖಚಿತವಾದದ್ದೊಂದು. ಈ ಕಾಗದಗಳಲ್ಲಿ ಅಳಿಲು ಬರುವುದು ಶಂಕಿತನಾಗಿ. ವೈರಸ್ ಇಟ್ಟುಕೊಂಡಿದೆಯೇ, ಎಷ್ಟು ದಿನ, ಉಣ್ಣಿಗೆ ಕೊಡುತ್ತದೆಯೇ ಎಂಬವೇ ಪ್ರಶ್ನೆಗಳು. ಮನುಷ್ಯ ಸಾಯುತ್ತಿದ್ದಾಗ ಅವೇ ಮೊದಲ ಪ್ರಶ್ನೆಗಳಾಗಬೇಕಿತ್ತು, ಆ ವಿಜ್ಞಾನಿಗಳನ್ನು ನಾನು ದೂರುವುದಿಲ್ಲ. ಆದರೆ ಕಾಡಿನಲ್ಲಿ ಅಳಿಲಿಗೂ ಕಾಯಿಲೆಯಾಯಿತೆ, ಒಂದು ಬೇಸಿಗೆಯಲ್ಲಿ ಒಂದು ಕಣಿವೆಯ ಅಳಿಲುಗಳು ಕಡಿಮೆಯಾದವೆ ಎಂಬುದನ್ನು ದಾಖಲಿಸುವ ಏರ್ಪಾಡನ್ನು ಯಾರೂ ಕಟ್ಟಲಿಲ್ಲ. ಮುಸುವನ ಹೆಣ ದೊಡ್ಡದು, ವಾಸನೆ ಬರುತ್ತದೆ, ದನ ಕಾಯುವ ಹುಡುಗನ ಕಣ್ಣಿಗೆ ಬೀಳುತ್ತದೆ. ಅಳಿಲಿನ ಹೆಣವನ್ನು ಪುನುಗು, ಕಾಗೆ, ಇರುವೆ ದಿನವೊಂದು ಕಳೆಯುವಷ್ಟರಲ್ಲಿ ಮುಗಿಸುತ್ತವೆ. 2021ರಲ್ಲಿ ಬರ್ಥ್ ಮತ್ತು ಭಾರತದ ಹಲವು ಸಂಶೋಧಕರು ಕೂಡಿ ಈ ಕಾಯಿಲೆಯ ಪರಿಸರ ಸಂಬಂಧಿ ಪುರಾವೆಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡಿದರು. ಆತಿಥೇಯ ಪ್ರಾಣಿಗಳ ಬಗ್ಗೆ ನಾವು ನೆಚ್ಚಿರುವ ಪುರಾವೆ ಬಹುಪಾಲು ದಶಕಗಳ ಹಿಂದಿನದು, ಸಣ್ಣ ಪ್ರಾಣಿಗಳ ನಿಜವಾದ ಪಾತ್ರವನ್ನು ಮತ್ತೆ ಅಳೆಯಬೇಕು ಎಂಬುದು ಅವರ ಮಾತಿನ ತಿರುಳು.

ಅಳಿಲನ್ನು ರೋಗಿಯಾಗಿ ನೋಡಿದ ದೇಶವೊಂದಿದೆ. ಅದು ಇಂಗ್ಲೆಂಡ್. 1876ರಲ್ಲಿ ಅಲ್ಲಿನ ಚೆಷೈರ್‌ನ ಉದ್ಯಾನವೊಂದಕ್ಕೆ ಉತ್ತರ ಅಮೆರಿಕದ ಬೂದು ಅಳಿಲುಗಳನ್ನು ಶೋಕಿಗೆಂದು ತಂದು ಬಿಟ್ಟರು. ಮುಂದೆ ಅವು ಹಬ್ಬಿದಲ್ಲೆಲ್ಲ ನಾಡಿನ ಕೆಂಪು ಅಳಿಲು ಕರಗುತ್ತ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಲ್ಲಿನ ಪ್ರಕೃತಿಪ್ರಿಯರು ಕಣ್ಣು, ಬಾಯಿಯ ಸುತ್ತ ಹುಣ್ಣಾಗಿ ಸಾಯುವ ಕೆಂಪು ಅಳಿಲುಗಳ ಬಗ್ಗೆ ಬರೆದಿಟ್ಟಿದ್ದರು. ಎಂಬತ್ತರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಅಳಿಲು ಸಿಡುಬಿನ ವೈರಸ್ ಕಂಡಾಗ ಆ ಹಳೆಯ ಟಿಪ್ಪಣಿಗಳಿಗೆ ಅರ್ಥ ಬಂತು. ಬೂದು ಅಳಿಲು ಅದನ್ನು ಹೊತ್ತರೂ ಹಾಯಾಗಿರುತ್ತದೆ, ಕೆಂಪು ಅಳಿಲು ವಾರ ಎರಡು ವಾರದಲ್ಲಿ ಸಾಯುತ್ತದೆ. ಲಿವರ್‌ಪೂಲ್ ಬಳಿಯ ಫಾರ್ಂಬಿ ಕರಾವಳಿಯಲ್ಲಿ 2008ರ ಹೊತ್ತಿಗೆ ಕೆಂಪು ಅಳಿಲುಗಳ ಬಹುಪಾಲು ಅಳಿದವು. ಉಳಿದ ಕೆಲವು ಮತ್ತೆ ಚಿಗುರಿದವು. ಜನ ಸತ್ತ ಅಳಿಲನ್ನು ಎತ್ತಿ ಪ್ರಯೋಗಾಲಯಕ್ಕೆ ಕಳಿಸುವ ರೂಢಿ ಇದ್ದುದರಿಂದ ಇದೆಲ್ಲ ಗೊತ್ತಾಯಿತು.

ಕ್ಯಾಸನೂರಿನ ವೈರಸ್ಸಿನ ಕುಲದಲ್ಲೇ ಕೆನಡದ ಪೊವಾಸಾನ್ ವೈರಸ್ ಇದೆ. 1958ರಲ್ಲಿ ಆ ಹೆಸರಿನ ಊರಿನ ಬಾಲಕನೊಬ್ಬ ತೀರಿಕೊಂಡಾಗ ಸಿಕ್ಕಿದ್ದು. ಅದರ ಆಶ್ರಯ ಹುಡುಕಿದವರು ಅಲ್ಲಿನ ಕೆಂಪು ಅಳಿಲುಗಳನ್ನೂ ಅವುಗಳ ಉಣ್ಣಿಗಳನ್ನೂ ತಲುಪಿದರು. ಜರ್ಮನಿಯಲ್ಲಿ 2011ರಿಂದ 2013ರ ನಡುವೆ ಮೆದುಳುರಿತದಿಂದ ತೀರಿಕೊಂಡ ಮೂವರೂ ಮಧ್ಯ ಅಮೆರಿಕದ ಬಣ್ಣದ ಅಳಿಲುಗಳನ್ನು ಸಾಕುತ್ತಿದ್ದವರು. 2015ರಲ್ಲಿ ಆ ಸಾಕು ಅಳಿಲುಗಳಲ್ಲಿ ಹೊಸ ಬೋರ್ನಾ ವೈರಸ್ ಪತ್ತೆಯಾಯಿತು. ನಿಲಂಗಾದ ಕಾಕಾ ಟಿವಿಯಲ್ಲಿ ನೋಡಿದ ಸುದ್ದಿ ಇಂಥದೇ ಇರಬೇಕು. ಆ ಮೂವರ ಕಥೆ ಪಂಜರದ್ದು, ಸಾಗಾಟದ್ದು. ಮರದ ಮೇಲಿನ ಅಳಿಲಿಗೆ ಅದನ್ನು ಅಂಟಿಸಬಾರದು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಆಫ್ರಿಕದ ಕೆಲಸ. 1985ರಲ್ಲಿ ಆಗಿನ ಜೈರ್ ದೇಶದಲ್ಲಿ ಹಗ್ಗದಳಿಲು ಎಂಬ ಕಾಡಳಿಲಿನಲ್ಲಿ ಮಂಗನ ಸಿಡುಬಿನ ವೈರಸ್ ಸಿಕ್ಕಿತ್ತು. 2018ರಲ್ಲಿ ಕೆಲವರು ವಸ್ತುಸಂಗ್ರಹಾಲಯಗಳ ಕಪಾಟುಗಳಲ್ಲಿ ಒಣಗಿ ಕೂತಿದ್ದ ಸಾವಿರಕ್ಕೂ ಹೆಚ್ಚು ಆಫ್ರಿಕದ ಅಳಿಲು ಚರ್ಮಗಳಿಂದ ಚೂರು ತೆಗೆದು ಪರೀಕ್ಷಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಿಡಿದ ಅಳಿಲಿನಲ್ಲೂ ಆ ವೈರಸ್ಸಿನ ಗುರುತು ಸಿಕ್ಕಿತು. ಓದಿದೊಡನೆ ನನ್ನ ಮನಸ್ಸು ಮುಂಬೈಗೆ ಹೋಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರ ಸುಮಾರಿಗೆ ಶುರುಮಾಡಿದ ಸಸ್ತನಿ ಸಮೀಕ್ಷೆಯಲ್ಲಿ ಶಾರ್ಟ್‌ರಿಜ್ ಎಂಬ ಸಂಗ್ರಾಹಕ ಧಾರವಾಡ, ಕೆನರಾ, ಕೊಡಗು, ದಕ್ಷಿಣ ಮೈಸೂರು ಸುತ್ತಿ ಪ್ರಾಣಿಗಳ ಚರ್ಮ, ತಲೆಬುರುಡೆ ಕೂಡಿಹಾಕಿದ್ದ. ಆ ವರದಿಗಳನ್ನು ಬರೆದದ್ದು ರಾಟನ್ ಎಂಬ ನಿವೃತ್ತ ಅರಣ್ಯಾಧಿಕಾರಿ. ಕ್ಯಾಸನೂರಿನ ಪಟ್ಟಿಯ ಕಾಡಿಲಿ ಹೊತ್ತಿರುವುದು ಇವನದೇ ಹೆಸರು. ಉತ್ತರದ ಐದುಪಟ್ಟೆ ಅಳಿಲಿಗೆ 1905ರಲ್ಲಿ ವೈಜ್ಞಾನಿಕ ಹೆಸರಿಟ್ಟವನೂ ಇವನೇ. ದಖನ್ನಿನ ಹೊಲಬದುಗಳಲ್ಲಿ ಅದನ್ನು ನಾವು ದಿನವೂ ನೋಡುತ್ತೇವೆ. ಆ ಚರ್ಮಗಳಲ್ಲಿ ಕ್ಯಾಸನೂರಿನ ಜಾಡು ಹುಡುಕುವುದು ಅಷ್ಟು ಸುಲಭವಲ್ಲ, ನಿಜ. ಸಿಡುಬಿನ ವೈರಸ್ಸಿನದು ಗಟ್ಟಿಯಾದ ಡಿಎನ್‌ಎ, ಒಣಚರ್ಮದಲ್ಲಿ ಶತಮಾನ ಬಾಳುತ್ತದೆ. ಮಂಗನ ಕಾಯಿಲೆಯ ವೈರಸ್ಸಿನ ಆರ್‌ಎನ್‌ಎ ಬೇಗ ಚೂರಾಗುತ್ತದೆ. ಹಾಗೆಂದು ಆ ಕಪಾಟುಗಳನ್ನು ಮರೆತುಬಿಡುವುದು ತರವಲ್ಲ. ಅಳಿಲಿಗೆ ಬರುವುದು ಒಂದೇ ವೈರಸ್ಸೆ?

ಕಾಯಿಲೆಯ ಗಡಿ ಈಗ ಹಿಂದಿನದಲ್ಲ. 2012ರಲ್ಲಿ ಬಂಡೀಪುರ, ಮುಂದೆ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ನಮ್ಮ ಮಹಾರಾಷ್ಟ್ರದ್ದೇ ಸಿಂಧುದುರ್ಗ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಮಲೆನಾಡು ಮರೆತಿಲ್ಲ. ಇದೇ ಘಟ್ಟಸಾಲಿನಲ್ಲಿ ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ಕನ್ನಡದ ಕೆಂದಳಿಲು ಬದುಕುತ್ತದೆ. ಅದರ ಸಲುವಾಗಿಯೇ 1985ರಲ್ಲಿ ಭೀಮಾಶಂಕರ ವನ್ಯಧಾಮವಾಯಿತು. ಅಲ್ಲಿ ಶೇಕರುವಿನ ಗಣತಿಗೆ ಮರದ ಮೇಲಿನ ಗೂಡುಗಳನ್ನು ಎಣಿಸುತ್ತಾರೆ. ಗೂಡಿನ ಲೆಕ್ಕದಲ್ಲಿ ರೋಗ ಕಾಣಿಸುವುದಿಲ್ಲ. ಒಂದೇ ಅಳಿಲು ಹಲವು ಗೂಡು ಕಟ್ಟುತ್ತದೆ, ಖಾಲಿ ಗೂಡೂ ಬಹುಕಾಲ ಕೊಂಬೆಯಲ್ಲಿ ಉಳಿಯುತ್ತದೆ.

ಇನ್ನು ಅಡಿಕೆ, ಕೋಕೋ ತೋಟಗಳಲ್ಲಿ ಮೂರುಪಟ್ಟೆಯ ಕಾಡಳಿಲು ಕೋಡು ಕೊರೆಯುವ ಕಳ್ಳ. ಕಾಸರಗೋಡಿನ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರದಲ್ಲಿ ಇದರ ಹಾವಳಿಯ ಮೇಲೆ ಅಧ್ಯಯನವಾಗಿದೆ. ಹಣ್ಣಾದ ಕೋಡನ್ನು ತಡಮಾಡದೆ ಕೊಯ್ದುಬಿಡಿ ಎಂಬ ಸಲಹೆಯೂ ಅದರಿಂದ ಬಂದದ್ದು. ತೋಟಗಾರನ ಕೈಯಲ್ಲಿ ಮೊದಲೇ ಬೋನಿದೆ. ಅಳಿಲು ರೋಗವನ್ನೂ ಹರಡುತ್ತದೆ ಎಂಬ ಅರೆಬೆಂದ ಮಾತು ಅಲ್ಲಿಗೆ ಮುಟ್ಟಿದರೆ ಆ ಪ್ರಾಣಿಗೆ ಉಳಿಗಾಲವಿಲ್ಲ. ಅಳಿಲನ್ನು ಕೊಂದರೆ ಉಣ್ಣಿ ಸಾಯುವುದಿಲ್ಲ, ಇಲಿಯೋ ಸುಂಡಿಲಿಯೋ ಸಿಗುತ್ತದೆ. ಮಂಗನ ಕಾಯಿಲೆಗೆ ಇರುವ ಉಪಾಯಗಳೆಲ್ಲ ಉಣ್ಣಿಯ ಸುತ್ತಲಿನವು: ಕಾಡಿಗೆ ಹೋಗುವ ಮುನ್ನ ಮೈಗೆ ಡೆಪಾ ಎಂಬ ಉಣ್ಣಿ ನಿವಾರಕ ತೈಲ ಹಚ್ಚುವುದು, ಮೈತುಂಬ ಬಟ್ಟೆ ತೊಡುವುದು, ಮರಳಿ ಬಂದೊಡನೆ ಬಿಸಿನೀರಲ್ಲಿ ತಿಕ್ಕಿ ತೊಳೆಯುವುದು, ಮಂಗ ಸತ್ತ ಜಾಗಕ್ಕೆ ಹೋಗದಿರುವುದು. ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಿದ ಮೇಲಂತೂ ಜನರಿಗೆ ಇವೇ ದಿಕ್ಕು.

ನಿಲಂಗಾದ ಕಾಕಾಗೆ ಇಷ್ಟನ್ನೂ ಅವರ ಕಟ್ಟೆಯ ಮೇಲೆ ಕೂತು ಹೇಳಿದೆ. ನಮ್ಮ ಬಯಲಿನ ಅಳಿಲು ಘಟ್ಟದ ಆ ಅಳಿಲಲ್ಲ, ಇಲ್ಲಿ ಆ ಕಾಡೂ ಇಲ್ಲ, ಹುಣಸೆಗೆ ಕೊಡಲಿ ಹಾಕಲು ಕಾರಣವಿಲ್ಲ ಎಂದೆ. ಇಲ್ಲಿನ ಅಳಿಲಿನ ಸಾವಿನ ಕಾರಣಗಳು ಕಣ್ಣಿಗೆ ಕಾಣುವಂಥವು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಅಗಲವಾದಾಗ ದಂಡೆಯ ಹಳೆಯ ಮರಗಳು ಹೋದವು. ಉಳಿದ ಮರಗಳ ಅಳಿಲುಗಳು ರಸ್ತೆ ದಾಟುವಾಗ ಗಾಲಿಗೆ ಸಿಗುತ್ತವೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ತರುವಾಯ ಜನ ಹೊಸ ಊರುಗಳಿಗೆ ಹೋದರು. ಬಿಟ್ಟುಬಂದ ಹಳೇ ಊರುಗಳ ಬೇವು, ಹುಣಸೆಗಳು ಈಗ ಅಳಿಲಿಗೂ ಗಿಳಿಗೂ ದೊಡ್ಡ ಆಸರೆ. ಅವನ್ನು ಉಳಿಸಿಕೊಂಡರೆ ಸಾಕು ಎಂದೆ.

“ಒಂದೇ ಗಿಡದ ಕೆಳಗ ನಾಕೈದು ಸತ್ತು ಬಿದ್ರ?” ಎಂದು ಕೇಳಿದರು ಕಾಕಾ.

“ಬರೀ ಕೈಲಿ ಮುಟ್ಟಬ್ಯಾಡ್ರಿ. ದನದ ದವಾಖಾನಿ ಡಾಕ್ಟರಿಗೆ ಹೇಳ್ರಿ, ನನಗೂ ಫೋನ್ ಮಾಡ್ರಿ.”

ಅವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಶಿವಮೊಗ್ಗದಲ್ಲಿ ಮಂಗ ಸತ್ತರೆ ಆಶಾ ಕಾರ್ಯಕರ್ತೆಯೋ ಅರಣ್ಯ ಕಾವಲುಗಾರನೋ ಸುದ್ದಿ ಮುಟ್ಟಿಸುವ ದಾರಿ ಆಗಲೇ ಸವೆದು ಸಿದ್ಧವಾಗಿದೆ. ಅದೇ ನಮೂನೆಯಲ್ಲಿ ಅಳಿಲು, ಕೆಂದಳಿಲು, ಹಾರುಬೆಕ್ಕಿಗೆ ಒಂದೊಂದು ಸಾಲು ಸೇರಿಸಿದರೆ ಹೊಸ ಕಚೇರಿ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಎಲ್ಲಿ, ಯಾವ ದಿನ, ಎಷ್ಟು, ಮೈಮೇಲೆ ಉಣ್ಣಿ ಇತ್ತೆ, ಗಾಯ ಇತ್ತೆ, ಸುತ್ತ ಮಂಗ ಸತ್ತಿತ್ತೆ, ಇಷ್ಟು ಬರೆದರೆ ಸಾಕು. ಅದನ್ನು ಡಿಸೆಂಬರ್ ಬರುವುದರೊಳಗೆ, ಎಳೆ ಉಣ್ಣಿ ಏಳುವ ಮೊದಲೇ, ಸಾಗರ, ಸೊರಬ, ತೀರ್ಥಹಳ್ಳಿಯ ಕಾಡಂಚಿನ ಪಂಚಾಯ್ತಿಗಳಿಂದ ಶುರುಮಾಡಬಹುದು. ಸಿಂಧುದುರ್ಗದ ದೋಡಾಮಾರ್ಗದ ಹಳ್ಳಿಗಳಿಗೆ ಅದೇ ನಮೂನೆಯನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿದರಾಯಿತು.